ರಬ್ಬರು ಹೇಳುವ ಇಸವಿ

ಬ್ರಿಟಿಷ್ ಸೇನೆಯ ಹಳೇ ಮೋಟಾರ್‌ಸೈಕಲ್ಲಿನ ಫೋಟೊವನ್ನು ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ಗಾಡಿ ಯಾವುದು? ಫೋಟೊ ಯಾವಾಗಿನದು? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಿತೆಂದು ತಿಳಿಯುವಲ್ಲೇ ಹೆಚ್ಚಿನವರು ಎಡವುವುದು. ಬಿ.ಎಸ್.ಎ. ಎಂ20 ಎಂಬ ಗಾಡಿಯನ್ನೇ ನೋಡಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ಸುಮಾರು 1,26,000 ಎಂ20ಗಳು ತಯಾರಾದವು. ಯುದ್ಧ ಮುಗಿದ ಮೇಲೂ ಅವು ಬಿಚ್ಚಿ, ಜೋಡಿಸಿ, ಮತ್ತೆ ಬಣ್ಣ ಕಂಡು 1960ರ ದಶಕದವರೆಗೆ ಸೇನೆಯಲ್ಲೇ ದುಡಿದವು. ಆದ್ದರಿಂದ ಗಾಡಿಯ ಹೆಸರು ಗೊತ್ತಾದರೆ ಫೋಟೊಕ್ಕೆ ಒಂದು ಕಡೆಯ ಗಡಿ ಮಾತ್ರ ಸಿಗುತ್ತದೆ: ಇದಕ್ಕಿಂತ ಹಿಂದಿನದಲ್ಲ ಎಂಬುದು. ಇದಕ್ಕಿಂತ ಈಚಿನದಲ್ಲ ಎನ್ನುವ ಇನ್ನೊಂದು ಗಡಿ ಕಬ್ಬಿಣದಲ್ಲಿ ಸಿಗುವುದು ಅಪರೂಪ. ಅದನ್ನು ಹುಡುಕಬೇಕಾದದ್ದು ರಬ್ಬರು, ಬಟ್ಟೆ, ಬಣ್ಣ, ಟೋಪಿ, ಟ್ಯಾಂಕಿನ ಮೇಲೆ ಬರೆದ ಅಂಕಿಯಂಥ, ಬೇಗ ಬದಲಾಗುವ ವಸ್ತುಗಳಲ್ಲಿ.

ಇಷ್ಟಕ್ಕೂ ಮೊದಲು ಫೋಟೊ ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು. ನೆಗೆಟಿವ್ ತಿರುಗಿಸಿ ಪ್ರಿಂಟು ಹಾಕಿದರೆ ಎಡವೆಲ್ಲ ಬಲವಾಗುತ್ತದೆ, ಪುಸ್ತಕಗಳಲ್ಲೂ ಈ ತಪ್ಪು ನುಸುಳಿರುತ್ತದೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಕಿಕ್ಕರ್ ಇರುವುದು ಬಲಕ್ಕೆ. ಎಂಜಿನ್ನಿನಿಂದ ಗಿಯರ್ ಬಾಕ್ಸಿಗೆ ಹೋಗುವ ಚೈನಿನ ಪೆಟ್ಟಿಗೆ ಎಡಕ್ಕೆ. 1930ರ ದಶಕದಲ್ಲಿ ಕಾಲಿನ ಗಿಯರ್ ಬಂದ ಮೇಲೆ ಅದೂ ಬಲಗಾಲಿಗೇ. ಹಳೇ ಬುಲೆಟ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದರಾಸಿನಲ್ಲಿ ತಯಾರಾದ ಬುಲೆಟ್ಟಿಗೆ ಬಲಗಾಲಿನ ಗಿಯರ್ ಬಂದದ್ದು ಇದೇ ವಂಶದಿಂದ. ಸೈಡ್‌ಕಾರ್ ಇದ್ದರೆ ಅದು ಸಾಮಾನ್ಯವಾಗಿ ಎಡಕ್ಕಿರುತ್ತದೆ, ಏಕೆಂದರೆ ಬ್ರಿಟನ್ನಿನಲ್ಲಿ ಗಾಡಿ ಓಡುವುದು ರಸ್ತೆಯ ಎಡಗಡೆ. ಇವೆಲ್ಲ ಅದಲುಬದಲಾಗಿ ಕಂಡರೆ ಫೋಟೊವನ್ನು ಕನ್ನಡಿಗೆ ಹಿಡಿದು ನೋಡುವುದೇ ಸರಿ.

ಮೊದಲ ಮಹಾಯುದ್ಧದ ಗಾಡಿಗಳು ದೂರದಿಂದಲೇ ಬೇರೆ ಎನಿಸುತ್ತವೆ. ಟ್ಯಾಂಕು ಚಪ್ಪಟೆ ಡಬ್ಬಿಯಂತೆ ಚೌಕಟ್ಟಿನ ಎರಡು ಕೊಳವೆಗಳ ನಡುವೆ ತೂರಿಕೊಂಡಿರುತ್ತದೆ, ಚಕ್ರಗಳು ಸೈಕಲ್ಲಿನವುಗಳಂತೆ ತೆಳ್ಳಗೆ. ಹಲವು ಗಾಡಿಗಳಲ್ಲಿ ಹಿಂದಿನ ಚಕ್ರವನ್ನು ತಿರುಗಿಸುವುದು ಚೈನಲ್ಲ, ಬೆಲ್ಟು. ಆ ಚಕ್ರಕ್ಕೆ ಒಳಗಡೆಯಿಂದ ಇನ್ನೊಂದು ದೊಡ್ಡ ಬಳೆ ಕೂರಿಸಿದ್ದು ಕಾಣುತ್ತದೆ. ಸೇನೆ ಅತಿ ಹೆಚ್ಚು ಕೊಂಡದ್ದು ಟ್ರಯಂಫ್ ಮಾಡೆಲ್ ಎಚ್, 1915ರಲ್ಲಿ ಬಂದ 550 ಸಿ.ಸಿ.ಯ ಗಾಡಿ. ಸುಮಾರು 30,000 ಸೇನೆಗಳಿಗೆ ಹೋದವು. ಅದನ್ನು ಗುರುತಿಸಲು ಹ್ಯಾಂಡಲ್ಲಿನ ಕೆಳಗೆ ನೋಡಿದರೆ ಸಾಕು: ಫೋರ್ಕಿನ ಸ್ಪ್ರಿಂಗು ನಿಂತಿರುವುದಿಲ್ಲ, ಹಿಂದುಮುಂದಾಗಿ ಅಡ್ಡ ಮಲಗಿರುತ್ತದೆ. ಬ್ರಿಸ್ಟಲ್ಲಿನ ಡಗ್ಲಸ್ ಇನ್ನೂ ಸುಲಭ. ಅದರ ಎರಡು ಸಿಲಿಂಡರುಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಕಾಲು ಚಾಚಿ ಮಲಗಿರುತ್ತವೆ. ಫ್ಲೈವೀಲು ಎಂಜಿನ್ನಿನ ಹೊರಗೇ ದುಂಡಗೆ ಕಾಣುತ್ತದೆ. ಯಾರ್ಕ್‌ಶೈರಿನ ಕ್ಲೆಕ್‌ಹೀಟನ್ ಊರಿನ ಫೆಲನ್ ಅಂಡ್ ಮೂರ್ ಗಾಡಿಯಲ್ಲಿ ಎಂಜಿನ್ನೇ ಓರೆಯಾಗಿ ಮುಂದಕ್ಕೆ ವಾಲಿ ಚೌಕಟ್ಟಿನ ಮುಂಗಾಲಿನ ಕೆಲಸವನ್ನೂ ಮಾಡುತ್ತದೆ. ಅದು ವಿಮಾನದಳದ ಗಾಡಿ. ವಿಕರ್ಸ್ ಮಷೀನ್‌ಗನ್ ಹೊತ್ತ ಸೈಡ್‌ಕಾರ್ ಕಂಡರೆ ಬಹುಪಾಲು ವುಲ್ವರ್‌ಹ್ಯಾಂಪ್ಟನ್ನಿನ ಕ್ಲೈನೊ. ಅಂಥ ಗಾಡಿಗಳನ್ನು ಬಳಸಿದ ಮೋಟಾರ್ ಮಷೀನ್‌ಗನ್ ದಳ ಹುಟ್ಟಿದ್ದು 1914ರ ನವೆಂಬರಿನಲ್ಲಿ.

ಹೆಸರು ಇಷ್ಟಕ್ಕೇ ಗೊತ್ತಾದರೂ ಇಸವಿಗೆ ಸವಾರನನ್ನೇ ಕೇಳಬೇಕು. 1914ರ ಆಗಸ್ಟಿನಲ್ಲಿ ಸುದ್ದಿ ಒಯ್ಯುವ ಸವಾರರು ಸಾಕಷ್ಟು ಸಿಗದೆ ಸೇನೆ ಸ್ವಂತ ಗಾಡಿಯಿದ್ದ ಕಾಲೇಜು ಹುಡುಗರನ್ನು ಸೇರಿಸಿಕೊಂಡಿತು. ಆದ್ದರಿಂದ ಯುದ್ಧದ ಮೊದಲ ತಿಂಗಳುಗಳ ಚಿತ್ರಗಳಲ್ಲಿ ನಾಗರಿಕ ನಂಬರ್ ಪ್ಲೇಟಿನ ಬಗೆಬಗೆಯ ಗಾಡಿಗಳು ಸಿಗುತ್ತವೆ. ತಲೆಯ ಮೇಲೆ ತಟ್ಟೆಯಂಥ ಉಕ್ಕಿನ ಶಿರಸ್ತ್ರಾಣವಿದ್ದರೆ 1915ರ ಕೊನೆಗಿಂತ ಮುಂಚಿನದಲ್ಲ. ಎಲ್ಲರ ತಲೆಯ ಮೇಲೂ ಇದ್ದರೆ 1916 ಅಥವಾ ಆಮೇಲಿನದು. ಎಡ ತೋಳಿನ ತುದಿಯಲ್ಲಿ ನೆಟ್ಟಗಿನ ಸಣ್ಣ ಪಟ್ಟಿ ಕಂಡರೆ ಅದು ಗಾಯಗೊಂಡವರ ಗುರುತು, 1916ರಲ್ಲಿ ಬಂದದ್ದು. ಬಲ ತೋಳಿನ ತುದಿಯಲ್ಲಿ ತಲೆಕೆಳಗಾದ ವಿ ಆಕಾರದ ಗೆರೆಗಳು ಕಂಡರೆ ಹೊರದೇಶದ ಸೇವೆಯ ಗುರುತು, ಅದು 1918ರದು. ಫೆಲನ್ ಅಂಡ್ ಮೂರ್ ಮೇಲೆ ಹೆಂಗಸೊಬ್ಬಳು ವಾಯುಪಡೆಯ ಸಮವಸ್ತ್ರದಲ್ಲಿ ಕೂತಿದ್ದರೆ ಉತ್ತರ ಇನ್ನೂ ಚಿಕ್ಕ ಗೂಡಿಗೆ ಬಂದು ಬೀಳುತ್ತದೆ: ಮಹಿಳಾ ವಾಯುಪಡೆ ಶುರುವಾದದ್ದು 1918ರ ಏಪ್ರಿಲ್ 1ರಂದು, ಮುಚ್ಚಿದ್ದು 1920ರಲ್ಲಿ.

ಎರಡು ಯುದ್ಧಗಳ ನಡುವಿನ ಕಾಲದ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಸೇನೆಯ ಬಳಿ ಹಣವಿರಲಿಲ್ಲ, ಕೊಂಡದ್ದು ಕಡಿಮೆ, ಫೋಟೊಗಳೂ ಕಡಿಮೆ. ಬೆಲ್ಟು ಹೋಗಿ ಚೈನು ಬಂತು. ಕಾರ್ಬೈಡ್ ದೀಪ ಹೋಗಿ ವಿದ್ಯುತ್ ದೀಪ ಬಂತು. 1930ರ ಆಸುಪಾಸಿನಲ್ಲಿ ಟ್ಯಾಂಕು ಚೌಕಟ್ಟಿನ ಕೊಳವೆಯ ಮೇಲೆ ಜೀನಿನಂತೆ ಇಳಿಬಿದ್ದು ಕೂತಿತು. ಈ ಕಾಲದ ಸೇನಾ ಗಾಡಿಗಳಿಗೆ ಊರಿನ ಗಾಡಿಗಳಿಗಿರುವಂಥದೇ ನಂಬರ್ ಇರುತ್ತಿತ್ತು, ಸಾಮಾನ್ಯವಾಗಿ ಮಿಡ್ಲ್‌ಸೆಕ್ಸ್ ಕೌಂಟಿ ಕೊಟ್ಟದ್ದು. ಖಾಕಿ ಸಮವಸ್ತ್ರದ ಸವಾರ, ಕೆಳಗೆ ಅಂಥ ನಂಬರು, ಜೀನಿನಾಕಾರದ ಟ್ಯಾಂಕು: ಇವು ಮೂರೂ ಕೂಡಿದರೆ 1930ರ ದಶಕ ಎಂದು ಬರೆದುಕೊಳ್ಳಬಹುದು.

ಎರಡನೇ ಮಹಾಯುದ್ಧದ ಚಿತ್ರಗಳಲ್ಲಿ ತೊಡಕು ಶುರುವಾಗುತ್ತದೆ, ಏಕೆಂದರೆ ಎಲ್ಲ ಗಾಡಿಗಳೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದೇ ಸಿಲಿಂಡರು, ಗರ್ಡರ್ ಫೋರ್ಕ್, ಸ್ಪ್ರಿಂಗಿಲ್ಲದ ಹಿಂಭಾಗ, ಮಂಕು ಬಣ್ಣ. ಹತ್ತಿರದಿಂದ ಮೊದಲು ನೋಡಬೇಕಾದದ್ದು ಸಿಲಿಂಡರಿನ ಎತ್ತರ. ಸಿಲಿಂಡರಿನ ತಲೆ ಚಪ್ಪಟೆಯಾಗಿ ಗಿಡ್ಡಗಿದ್ದು, ಟ್ಯಾಂಕಿನ ಕೆಳಗೆ ಬೆಳಕು ಕಾಣುವಷ್ಟು ಜಾಗ ಉಳಿದಿದ್ದರೆ ವಾಲ್ವುಗಳು ಪಕ್ಕದಲ್ಲಿವೆ ಎಂದರ್ಥ: ಬಿ.ಎಸ್.ಎ. ಎಂ20 ಅಥವಾ ನಾರ್ಟನ್ 16ಎಚ್ ಇರುವ ಸಾಧ್ಯತೆಯೇ ಹೆಚ್ಚು. ಸಿಲಿಂಡರಿನ ಪಕ್ಕದಲ್ಲಿ ಕೊಳವೆ ಮೇಲಕ್ಕೇರಿ ತಲೆಯ ಮೇಲಿನ ಪೆಟ್ಟಿಗೆ ಟ್ಯಾಂಕಿಗೆ ತಾಗುವಂತಿದ್ದರೆ ವಾಲ್ವುಗಳು ಮೇಲಿವೆ. ಆಗ ಮ್ಯಾಚ್‌ಲೆಸ್, ಏರಿಯಲ್, ಟ್ರಯಂಫ್ 3ಎಚ್‌ಡಬ್ಲ್ಯು, ರಾಯಲ್ ಎನ್‌ಫೀಲ್ಡ್ ಡಬ್ಲ್ಯುಡಿ/ಸಿಓ ಇವುಗಳ ಕಡೆ ಹೋಗಬೇಕು. ಎಲ್ಲವೂ 350 ಸಿ.ಸಿ. ವರ್ಗದವು.

ಎಂ20 ಮತ್ತು 16ಎಚ್ ನಡುವಿನ ಗೊಂದಲ ಹಳೇ ರೋಗ. ಒಂದು 496 ಸಿ.ಸಿ., ಇನ್ನೊಂದು 490. ಎರಡೂ ಬರ್ಮಿಂಗ್‌ಹ್ಯಾಮಿನವು. ಬಲಗಡೆಯಿಂದ ತೆಗೆದ ಫೋಟೊ ಇದ್ದರೆ ಜಗಳ ಬೇಗ ಬಗೆಹರಿಯುತ್ತದೆ. ನಾರ್ಟನ್ನಿನಲ್ಲಿ ಸಿಲಿಂಡರಿನ ಹಿಂದಿರುವ ಮ್ಯಾಗ್ನೆಟೊವನ್ನು ತಿರುಗಿಸುವುದು ಸಣ್ಣ ಚೈನು. ಆ ಚೈನಿನ ಉದ್ದನೆಯ ಮುಚ್ಚಳ ಎಂಜಿನ್ನಿನ ಬಲಬದಿಯಿಂದ ಹಿಂದಕ್ಕೆ ಹಾದುಹೋಗುತ್ತದೆ. ಬಿ.ಎಸ್.ಎ.ಯಲ್ಲಿ ಆ ಕೆಲಸ ಹಲ್ಲುಚಕ್ರಗಳದು, ಬೇರೆ ಚೈನಿನ ಮುಚ್ಚಳವಿಲ್ಲ. ಎಡಗಡೆಯ ಫೋಟೊ ಆದರೆ ಈ ಗುರುತು ಸಿಗದು. ಆಗ ಕಣ್ಣಿಗೆ ಅಭ್ಯಾಸವಾಗುವವರೆಗೆ ಖಚಿತ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದಲ್ಲದೆ ಬೇರೆ ದಾರಿಯಿಲ್ಲ. ನಾರ್ಟನ್ನಿಗೆ ಸೈಡ್‌ಕಾರ್ ಕಟ್ಟಿದ್ದು, ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಅಡ್ಡ ಕೊಳವೆ ಕಂಡರೆ ಅದು 633 ಸಿ.ಸಿ.ಯ ಬಿಗ್ ಫೋರ್.

ಕೆಲವು ಗುರುತುಗಳು ಹೆಸರನ್ನೂ ಇಸವಿಯನ್ನೂ ಒಟ್ಟಿಗೇ ಕೊಡುತ್ತವೆ. ಯುದ್ಧಕಾಲದ ಬ್ರಿಟಿಷ್ ಗಾಡಿಯ ಮುಂದೆ ಇಂದಿನ ಬೈಕುಗಳಲ್ಲಿರುವಂಥ ನಯವಾದ ಟೆಲಿಸ್ಕೋಪಿಕ್ ಫೋರ್ಕ್ ಇದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ: ಲಂಡನ್ನಿನ ಪ್ಲಮ್‌ಸ್ಟೆಡ್‌ನಲ್ಲಿ ತಯಾರಾದ ಮ್ಯಾಚ್‌ಲೆಸ್ ಜಿ3/ಎಲ್, 1941 ಅಥವಾ ಆಮೇಲೆ. ಅದೇ ಮ್ಯಾಚ್‌ಲೆಸ್‌ಗೆ ಗರ್ಡರ್ ಫೋರ್ಕ್ ಇದ್ದರೆ ಅದು ಹಿಂದಿನ ಜಿ3. ಟ್ರಯಂಫ್‌ನ ಕೊವೆಂಟ್ರಿ ಕಾರ್ಖಾನೆ 1940ರ ನವೆಂಬರ್ 14ರ ರಾತ್ರಿಯ ಬಾಂಬಿನ ದಾಳಿಯಲ್ಲಿ ನೆಲಸಮವಾಯಿತು. 1942ರಲ್ಲಿ ಮೆರಿಡೆನ್‌ನಲ್ಲಿ ಹೊಸ ಕಾರ್ಖಾನೆ ಎದ್ದಿತು, 3ಎಚ್‌ಡಬ್ಲ್ಯು ಗಾಡಿಗಳು ಅಲ್ಲಿಂದ ಬಂದವು. ರಾಯಲ್ ಎನ್‌ಫೀಲ್ಡಿಗೆ ಸೀಟಿನ ಕೆಳಗೆ ಪ್ರತ್ಯೇಕ ಆಯಿಲ್ ಟ್ಯಾಂಕಿಲ್ಲ. ಎಣ್ಣೆ ಎಂಜಿನ್ನಿನ ಹೊಟ್ಟೆಯಲ್ಲೇ ಇರುವುದರಿಂದ ಕೆಳಭಾಗ ಉಬ್ಬಿದಂತಿರುತ್ತದೆ, ಸೀಟಿನ ಕೆಳಗೆ ಖಾಲಿ ಖಾಲಿ. ಪ್ಯಾರಾಶೂಟಿನ ಸೈನಿಕರ ಪಕ್ಕದಲ್ಲಿ ಸೈಕಲ್ಲಿಗಿಂತ ಸ್ವಲ್ಪ ದಪ್ಪನೆಯ ಪುಟ್ಟ ಗಾಡಿ ಇದ್ದರೆ ಎನ್‌ಫೀಲ್ಡಿನ 125 ಸಿ.ಸಿ. ಫ್ಲೈಯಿಂಗ್ ಫ್ಲೀ. ಹಾರುವ ಚಿಗಟ ಎಂಬ ಅಡ್ಡಹೆಸರಿಗೆ ತಕ್ಕ ಗಾತ್ರ. ಅದಕ್ಕಿಂತಲೂ ಪುಟ್ಟದಾಗಿ, ಮಡಚಿ ಡಬ್ಬಿಯೊಳಗೆ ತುರುಕುವಂಥದ್ದಾದರೆ 98 ಸಿ.ಸಿ.ಯ ವೆಲ್‌ಬೈಕ್.

ಇಸವಿಯನ್ನು ಕಟ್ಟಿಹಾಕುವ ಕೆಲಸಕ್ಕೆ ರಬ್ಬರಿನಷ್ಟು ನೆರವಾಗುವ ವಸ್ತು ಇನ್ನೊಂದಿಲ್ಲ. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ಕೈಗೆ ಹೋಯಿತು. ಅದಕ್ಕೂ ಮೊದಲೇ ಮಲಯಾದ ರಬ್ಬರ್ ತೋಟಗಳು ಕೈತಪ್ಪಿದ್ದವು. ಅದರ ಬಿಸಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಿಗೂ ತಟ್ಟಿತು. ಟೈರು ಬಿಟ್ಟರೆ ಬೇರೆಲ್ಲೂ ರಬ್ಬರ್ ದಂಡ ಮಾಡಬಾರದೆಂಬ ಹಂತ ಬಂದು, ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ಪಿನ ಬದಲು ಕ್ಯಾನ್‌ವಾಸ್ ಬಟ್ಟೆ ಸುತ್ತಿದ ಹಿಡಿ ಬಂತು. ಕಾಲಿಡುವ ಕಡ್ಡಿಯ ಮೇಲಿನ ರಬ್ಬರ್ ಹೋಗಿ ಬರಿಯ ಕಬ್ಬಿಣ ಉಳಿಯಿತು. ಟ್ಯಾಂಕಿನ ಪಕ್ಕಕ್ಕೆ ಮಂಡಿ ಒತ್ತಿಕೊಳ್ಳಲು ಇದ್ದ ಕಪ್ಪು ರಬ್ಬರ್ ತುಂಡುಗಳೂ ಕಣ್ಮರೆಯಾದವು. ಭೂತಕನ್ನಡಿಯಲ್ಲಿ ಸವಾರನ ಮುಷ್ಟಿಯ ಪಕ್ಕ ನೋಡಬೇಕು. ರಬ್ಬರ್ ಗ್ರಿಪ್ಪು ಕಪ್ಪಗೆ, ಹೊಳಪಿನ ಗೆರೆಯೊಂದಿಗೆ, ತುದಿಯಲ್ಲಿ ದುಂಡಗೆ ಮುಗಿಯುತ್ತದೆ. ಬಟ್ಟೆಯ ಹಿಡಿ ಮಾಸಲು ಬೂದಿ ಬಣ್ಣಕ್ಕಿದ್ದು ಬೆಳಕನ್ನು ಹೀರಿಕೊಂಡಿರುತ್ತದೆ. ಕಾಲ ಬಳಿ ಬರಿಯ ಕಬ್ಬಿಣದ ಕಡ್ಡಿಯೂ ಕಂಡರೆ ಆ ಗಾಡಿ 1942ರ ಮುಂಚೆ ಹೊರಬಂದ ರೂಪದಲ್ಲಿಲ್ಲ. ಇದರ ಉಲ್ಟಾ ಮಾತ್ರ ಹೇಳಲಾಗದು. ರಬ್ಬರ್ ಇರುವ ಗಾಡಿ 1939ರದೂ ಆಗಬಹುದು, ಯುದ್ಧದ ನಂತರ ರಿಪೇರಿಯಾಗಿ ಮತ್ತೆ ರಬ್ಬರ್ ಕಂಡದ್ದೂ ಆಗಬಹುದು.

ಟೋಪಿಯ ಕಥೆ ಇದಕ್ಕಿಂತ ವಿಚಿತ್ರ. 1935ರ ಮೇ ತಿಂಗಳಲ್ಲಿ ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಟಿ.ಇ. ಲಾರೆನ್ಸ್ ತನ್ನ ಬ್ರಫ್ ಸುಪೀರಿಯರ್ ಮೋಟಾರ್‌ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ದಿನಗಳ ಮೇಲೆ ಸತ್ತ. ಆಗ ಕರೆಸಿದ ವೈದ್ಯರಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಯುದ್ಧ ಶುರುವಾದ ಮೇಲೆ ಸೇನೆಯ ಸವಾರರು ಶತ್ರುವಿನ ಗುಂಡಿಲ್ಲದೆಯೇ, ಬ್ರಿಟನ್ನಿನ ಕತ್ತಲ ರಸ್ತೆಗಳಲ್ಲಿ ಸಾಯುತ್ತಿದ್ದುದನ್ನು ಕೇರ್ನ್ಸ್ ಲೆಕ್ಕ ಹಾಕಿ 1941ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಮರುತಿಂಗಳೇ, ಅಂದರೆ ನವೆಂಬರಿನಲ್ಲಿ, ಕರ್ತವ್ಯದ ಮೇಲಿರುವ ಸೇನಾ ಸವಾರರೆಲ್ಲ ಹೆಲ್ಮೆಟ್ ಹಾಕಲೇಬೇಕೆಂಬ ಆದೇಶ ಹೊರಟಿತು. ಫೋಟೊ ನೋಡುವವರಿಗೆ ಇದೊಂದು ಮೈಲಿಗಲ್ಲು. ಗುಂಡಗಿನ ಹೆಲ್ಮೆಟ್ಟಿನಿಂದ ಕಿವಿಯ ಮೇಲೆ ಚರ್ಮದ ಹಾಳೆ ಇಳಿಬಿದ್ದಿದ್ದರೆ 1941ರ ಕೊನೆ ಅಥವಾ ಆಮೇಲಿನದೆಂದು ಹೇಳಲು ಧೈರ್ಯ ಬರುತ್ತದೆ. ಬ್ರಿಟನ್ನಿನ ರಸ್ತೆಯಲ್ಲಿ ಸವಾರರ ಇಡೀ ಸಾಲು ಬರಿಯ ಬಟ್ಟೆಯ ಟೋಪಿಯಲ್ಲಿ ಹೊರಟಿದ್ದರೆ ಅದಕ್ಕಿಂತ ಮುಂಚಿನದೆನ್ನಬಹುದು. ಒಬ್ಬನೇ ಸವಾರ ಟೋಪಿಯಿಲ್ಲದೆ ಗಾಡಿಗೆ ಒರಗಿ ನಿಂತು ನಗುತ್ತಿದ್ದರೆ ಏನನ್ನೂ ಹೇಳಲಾಗದು. ಮನೆಗೆ ಕಳಿಸುವ ಫೋಟೊಕ್ಕೆ ಹೆಲ್ಮೆಟ್ ತೆಗೆದು ಕ್ರಾಪು ಬಾಚಿಕೊಂಡಿರುತ್ತಾನೆ.

ಬಟ್ಟೆಯಲ್ಲಿ ಗಮನಿಸಬೇಕಾದದ್ದು ಗುಂಡಿ. ಉದ್ದ ಕೋಟಿನ ಮೇಲೆ ಹಿತ್ತಾಳೆ ಗುಂಡಿಗಳು ಹೊಳೆಯುತ್ತಿದ್ದರೆ ಹಳೇ ಸಮವಸ್ತ್ರ. ಸೊಂಟಕ್ಕೇ ಮುಗಿಯುವ ಗಿಡ್ಡ ಅಂಗಿ, ಗುಂಡಿಗಳು ಬಟ್ಟೆಯ ಮಡಿಕೆಯೊಳಗೆ ಅಡಗಿದ್ದರೆ ಯುದ್ಧದ ಹೊಸ್ತಿಲಲ್ಲಿ ಬಂದ ಬ್ಯಾಟ್ಲ್‌ಡ್ರೆಸ್. ಅದೇ ಗಿಡ್ಡ ಅಂಗಿಯಲ್ಲಿ ಗುಂಡಿಗಳು ಹೊರಗೇ ಕಂಡರೆ ಬಟ್ಟೆ ಉಳಿಸಲೆಂದು 1942ರಿಂದ ಹೊಲಿದದ್ದು. ರಬ್ಬರಿನ ಹಾಗೆ ಇದೂ ಕೊರತೆ ಹೊಲಿದುಕೊಟ್ಟ ಸಾಕ್ಷಿ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಸೇನೆಯ ಗಾಡಿಗಳು ಮೊದಲು ಹಸಿರು ಖಾಕಿ, 1942ರಿಂದ ಕಂದು, 1944ರಿಂದ ಆಲಿವ್ ಹಸಿರು. ಕಪ್ಪುಬಿಳುಪಿನಲ್ಲಿ ಮೂರೂ ಒಂದೇ ಬೂದಿ. ಮರಳುಗಾಡಿನ ತೆಳು ಬಣ್ಣ ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಇನ್ನೊಂದು ಮೋಸ ಫಿಲ್ಮಿನದು. ಆಗ ಸೈನಿಕರ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ, ನೀಲಿಯೆಲ್ಲ ಬೆಳ್ಳಗಾಗಿ ಮೂಡುತ್ತಿತ್ತು. ಕೊಡಾಕ್‌ನ ವೆರಿಕ್ರೋಮ್ 1931ರಿಂದ 1956ರವರೆಗೆ ಇಂಥದೇ. ಸಿಗ್ನಲ್ಸ್ ದಳದ ಗುರುತು ಮೇಲೆ ಬಿಳಿ, ಕೆಳಗೆ ನೀಲಿ. ಈ ಫಿಲ್ಮಿನಲ್ಲಿ ಎರಡೂ ಬೆಳ್ಳಗಾಗಿ ಗೆರೆಯೇ ಅಳಿಸಿಹೋಗುತ್ತದೆ. ಫಿರಂಗಿ ದಳದ್ದು ಮೇಲೆ ಕೆಂಪು, ಕೆಳಗೆ ನೀಲಿ. ಅದು ಕಪ್ಪುಬಿಳುಪಾಗಿ ಎದ್ದು ಕಾಣುತ್ತದೆ. ಹೀಗಾಗಿ ಗುರುತಿನ ಬಣ್ಣವನ್ನು ಕಣ್ಣಿಗೆ ಕಂಡಂತೆ ಬರೆದುಕೊಂಡರೆ ದಳವೇ ಬದಲಾಗಿಬಿಡುತ್ತದೆ.

ಅಂಕಿಗಳದು ನೇರ ಸಾಕ್ಷಿ. ಯುದ್ಧ ಶುರುವಾದ ಮೇಲೆ ನಾಗರಿಕ ನಂಬರ್ ಬಿಟ್ಟು ಟ್ಯಾಂಕಿನ ಎರಡೂ ಬದಿಗೆ ಸೇನೆಯದೇ ಸಂಖ್ಯೆ ಬರೆದರು: ಮೊದಲು ಸಿ ಅಕ್ಷರ, ಆಮೇಲೆ ಏಳು ಅಂಕಿಗಳವರೆಗೆ. ಕಾರ್ಖಾನೆಗೆ ಕೊಟ್ಟ ಒಂದೊಂದು ಗುತ್ತಿಗೆಗೂ ಸಾಲಾಗಿ ಒಂದಷ್ಟು ಸಂಖ್ಯೆಗಳನ್ನು ಎತ್ತಿಡುತ್ತಿದ್ದುದರಿಂದ, ಸಂಖ್ಯೆ ಓದಲು ಬಂದರೆ ಗುತ್ತಿಗೆ, ಗುತ್ತಿಗೆಯಿಂದ ಕಂಪನಿ, ಮಾಡೆಲು, ತಯಾರಾದ ವರ್ಷ ಒಂದರ ಹಿಂದೊಂದು ಸಿಗುತ್ತವೆ. ಎಂಜಿನ್ನು ನೆರಳಿನಲ್ಲಿ ಮುಳುಗಿದ್ದರೂ ನಾರ್ಟನ್ನೋ ಬಿ.ಎಸ್.ಎ.ಯೋ ಎಂದು ಹೇಳಬಹುದು. ವಾಯುಪಡೆಯ ಗಾಡಿಗಳಿಗೆ ಆರ್.ಎ.ಎಫ್. ಎಂದೂ ನೌಕಾಪಡೆಯವುಗಳಿಗೆ ಆರ್.ಎನ್. ಎಂದೂ ಇರುತ್ತದೆ. 1949ರ ಸುಮಾರಿಗೆ ಪದ್ಧತಿಯೇ ಬದಲಾಗಿ ಎರಡು ಅಂಕಿ, ಎರಡು ಅಕ್ಷರ, ಮತ್ತೆ ಎರಡು ಅಂಕಿ ಎಂಬ ಕ್ರಮ ಬಂತು. ಯುದ್ಧಕಾಲದ ಎಂ20ಯ ಮೇಲೆ ಈ ಕ್ರಮದ ಸಂಖ್ಯೆ ಕಂಡರೆ ಗಾಡಿ ಎಷ್ಟೇ ಹಳತಾಗಿರಲಿ, ಫೋಟೊ ಯುದ್ಧದ್ದಲ್ಲ. ಯುದ್ಧದ ನಂತರದ ಗಾಡಿಗಳಿಗೆ ಇದೇ ಕ್ರಮ. ಅವುಗಳಲ್ಲಿ ಮುಖ್ಯವಾದದ್ದು 500 ಸಿ.ಸಿ.ಯ ಜೋಡಿ ಸಿಲಿಂಡರಿನ ಟ್ರಯಂಫ್ ಟಿ.ಆರ್.ಡಬ್ಲ್ಯು., 1960ರ ದಶಕದ ಕೊನೆಗೆ ಬಂದದ್ದು ಬಿ.ಎಸ್.ಎ. ಬಿ40.

ಟ್ಯಾಂಕಿನ ಮೇಲೆ ಐದು ಮೂಲೆಯ ಬಿಳಿ ನಕ್ಷತ್ರವಿದ್ದರೆ 1943ರ ನಡುಭಾಗಕ್ಕಿಂತ ಮುಂಚಿನದಲ್ಲ. ನಾರ್ಮಂಡಿಗೆ ಇಳಿಯುವ 1944ರ ಜೂನಿನ ಹೊತ್ತಿಗೆ ಅದು ಎಲ್ಲೆಡೆ ಹರಡಿತ್ತು. ಹೆಡ್‌ಲೈಟಿಗೆ ಸಣ್ಣ ಸೀಳು ಬಿಟ್ಟ ಮುಸುಕು ಹಾಕಿದ್ದರೆ 1939ರ ಸೆಪ್ಟೆಂಬರಿನ ನಂತರದ್ದು. ಇನ್ನು ಬ್ರಿಟಿಷ್ ಗಾಡಿಯ ಮೇಲೆ ಜರ್ಮನ್ ಸೈನಿಕ ಕೂತು, ಹಿಂದೆ ಡಬ್ಲ್ಯು.ಎಚ್. ಎಂಬ ಪ್ಲೇಟಿದ್ದರೆ ಗಾಬರಿಯಾಗಬೇಕಿಲ್ಲ. 1940ರಲ್ಲಿ ಡಂಕರ್ಕ್‌ನಿಂದ ಓಡುವಾಗ ಬ್ರಿಟಿಷರು ಬಿಟ್ಟುಹೋದ ಗಾಡಿಗಳನ್ನು ಜರ್ಮನರು ಸುಮ್ಮನೆ ತುಕ್ಕುಹಿಡಿಯಲು ಬಿಡಲಿಲ್ಲ.

ಕೊನೆಗೆ ಫೋಟೊದ ಬೆನ್ನು. ಮೊದಲ ಯುದ್ಧದ ಚಿತ್ರಗಳು ಬಹಳಷ್ಟು ಪೋಸ್ಟ್‌ಕಾರ್ಡಿನ ರೂಪದಲ್ಲೇ ಇವೆ. ಬ್ರಿಟನ್ನಿನೊಳಗೆ ಅಂಚೆಗೆ ಹಾಕಿದ್ದರೆ ಮುದ್ರೆ ಓದಲಾಗದಿದ್ದರೂ ಸ್ಟಾಂಪಿನ ಬೆಲೆ ನೋಡಬಹುದು: 1918ರ ಜೂನ್ 3ರವರೆಗೆ ಅರ್ಧ ಪೆನ್ನಿ, ಆಮೇಲೆ ಒಂದು ಪೆನ್ನಿ. ಸೇನೆಯ ಅಧಿಕೃತ ಫೋಟೊಗಳಾದರೆ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದ ಅಕ್ಷರವೇ ರಣರಂಗ ಹೇಳುತ್ತದೆ. ಕ್ಯೂ ಎಂದರೆ ಮೊದಲ ಯುದ್ಧ, ಎಫ್ ಎಂದರೆ 1939–40ರ ಫ್ರಾನ್ಸ್, ಇ ಎಂದರೆ ಈಜಿಪ್ಟಿನ ಕಡೆಯ ಮರುಭೂಮಿ, ಎನ್‌ಎ ಎಂದರೆ ಟ್ಯುನೀಷಿಯಾ ಮತ್ತು ಇಟಲಿ, ಬಿ ಎಂದರೆ ನಾರ್ಮಂಡಿಯಿಂದ ಮುಂದಕ್ಕೆ. ಪೆನ್ನಿನಲ್ಲಿ ಬರೆದ ಇಸವಿಯನ್ನು ನಂಬುವ ಮುನ್ನ ಶಾಯಿ ನೋಡಬೇಕು. ಬಾಲ್‌ಪೆನ್ನಿನ ಬರಹವಾದರೆ ಯಾರೋ ಮಗಳೋ ಮೊಮ್ಮಗನೋ ವರ್ಷಗಳ ಮೇಲೆ ನೆನಪಿನಿಂದ ಬರೆದದ್ದು.

ಇಂಥ ಫೋಟೊಗಳು ಕರ್ನಾಟಕದ ಟ್ರಂಕುಗಳಲ್ಲೂ ಇರಲು ಕಾರಣವಿದೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ನಾಲ್ಕನೇ ಭಾರತೀಯ ಡಿವಿಜನ್ನಿನ ಜೊತೆಗಿತ್ತು. ಆ ಡಿವಿಜನ್ 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರಾನಿ, 1941ರಲ್ಲಿ ಎರಿಟ್ರಿಯಾದ ಕೆರೆನ್, 1943ರ ಮೇವರೆಗೆ ಟ್ಯುನೀಷಿಯಾ, 1944ರ ಆರಂಭದಲ್ಲಿ ಇಟಲಿಯ ಕಸಿನೊ, ಆ ವರ್ಷದ ಕೊನೆಗೆ ಗ್ರೀಸ್ ಹೀಗೆ ಸುತ್ತಿತು. ಅದರ ಗುರುತು ಕಪ್ಪು ಚೌಕದ ಮೇಲೆ ಕೆಂಪು ಹದ್ದು. ಫಿಲ್ಮಿನ ಮಾತು ನೆನಪಿದ್ದರೆ ಇಲ್ಲಿ ಏನಾಗುತ್ತದೆಂದು ಊಹಿಸಬಹುದು: ಸೈನಿಕನ ಪುಟ್ಟ ಕ್ಯಾಮೆರಾದಲ್ಲಿ ಕೆಂಪು ಹದ್ದು ಕಪ್ಪಿನಲ್ಲಿ ಕರಗಿ ಮಡ್‌ಗಾರ್ಡಿನ ಮೇಲೆ ಬರಿಯ ಕರಿ ಚೌಕ ಉಳಿಯುತ್ತದೆ. ಸ್ಕ್ಯಾನ್ ಮಾಡಿ ಆ ಜಾಗವನ್ನಷ್ಟೇ ಬೆಳಗಿಸಿದರೆ ಕೆಲವೊಮ್ಮೆ ರೆಕ್ಕೆಯ ಅಂಚು ಮೇಲೇಳುತ್ತದೆ.

ಅಂಥದೊಂದು ಚಿತ್ರ ಎಂದಿಟ್ಟುಕೊಂಡರೆ ಕ್ರಮ ಹೀಗೆ ಸಾಗುತ್ತದೆ. ಬಲಕ್ಕೆ ಕಿಕ್ಕರ್, ಆದ್ದರಿಂದ ನೆಗೆಟಿವ್ ನೆಟ್ಟಗಿದೆ. ಗಿಡ್ಡ ಸಿಲಿಂಡರು, ಪಕ್ಕದಲ್ಲಿ ಮ್ಯಾಗ್ನೆಟೊ ಚೈನಿನ ಮುಚ್ಚಳವಿಲ್ಲ, ಗಾಡಿ ಎಂ20. ಹ್ಯಾಂಡಲ್ಲಿಗೆ ಬಟ್ಟೆಯ ಹಿಡಿ, ಕಾಲಿಗೆ ಬರಿಯ ಕಬ್ಬಿಣ. 1942ರ ಮುಂಚಿನದಲ್ಲ, ಹಾಗಾಗಿ ಸಿದಿ ಬರಾನಿಯೂ ಕೆರೆನ್ನೂ ಬಿಟ್ಟುಹೋದವು. ಮಡ್‌ಗಾರ್ಡಿನ ಕರಿ ಚೌಕದಲ್ಲಿ ಹದ್ದಿನ ರೆಕ್ಕೆ. ಸವಾರ ಚಡ್ಡಿಯಲ್ಲಿಲ್ಲ, ದಪ್ಪ ಬಟ್ಟೆ ಹಾಕಿದ್ದಾನೆ. ಹಿಂದಿನ ಗುಡ್ಡದ ಮೇಲೆ ಹಿಮ. ಉಳಿದದ್ದು ಎರಡೇ ಚಳಿಗಾಲ: 1943–44ರ ಇಟಲಿ, ಅಥವಾ 1944–45ರ ಗ್ರೀಸ್. ಗಾಡಿಯಾಗಲಿ ಬಟ್ಟೆಯಾಗಲಿ ಇವೆರಡನ್ನು ಬೇರೆ ಮಾಡಲಾರವು. ಆಗ ಸವಾರನನ್ನು ಬಿಟ್ಟು ಅವನ ಹೆಗಲಾಚೆಯ ಗೋಡೆ ನೋಡಬೇಕು. ಅಂಗಡಿಯ ಬೋರ್ಡಿನ ತುಂಡೊಂದು ಚೌಕಟ್ಟಿನೊಳಗೆ ಸಿಕ್ಕಿದ್ದು, ಅದರಲ್ಲಿ ತ್ರಿಕೋನದಂಥ ಒಂದು ಗ್ರೀಕ್ ಅಕ್ಷರ ಓದಲು ಬಂದರೆ ಇಟಲಿಯೂ ಬಿಟ್ಟುಹೋಗುತ್ತದೆ.